ಲಿವರ್ ರೋಗಿಯನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸಬೇಡಿ

ಮನೆಯಲ್ಲಿ ಯಾರಿಗಾದರೂ ಲಿವರ್ ಕಾಯಿಲೆ ಎಂದು ಗೊತ್ತಾದ ದಿನ ಮೊದಲು ಬದಲಾಗುವುದು ಅಡುಗೆಮನೆ. ಎಣ್ಣೆ ನಿಲ್ಲುತ್ತದೆ. ಮೀನು, ಕೋಳಿ ನಿಲ್ಲುತ್ತವೆ. ಬೇಳೆ ವಾಯು ಎಂದು, ಮೊಟ್ಟೆ ಉಷ್ಣ ಎಂದು, ಹಾಲು ಜಡ ಎಂದು ಒಂದೊಂದಾಗಿ ತಟ್ಟೆಯಿಂದ ಮರೆಯಾಗುತ್ತವೆ. ಕೊನೆಗೆ ಉಳಿಯುವುದು ಗಂಜಿ, ನೀರು ಮಜ್ಜಿಗೆ ಮತ್ತು ಯಾರೋ ಹೇಳಿದ ಸೊಪ್ಪಿನ ರಸ. ನಿಟ್ಟೂರು, ನಗರ, ಸಂಪೆಕಟ್ಟೆಯ ಕಡೆಯಿಂದ ಬರುವ ಹೆಂಗಸರು ಇದನ್ನು ಹೆಮ್ಮೆಯಿಂದಲೇ ಹೇಳುತ್ತಾರೆ: "ಹಕೀಮ್ರೇ, ಮೂರು ತಿಂಗಳಿಂದ ಅವರಿಗೆ ಬರೀ ಗಂಜಿ ಕೊಡ್ತಿದೀನಿ. ಉಪ್ಪು ಕೂಡ ಹಾಕಿಲ್ಲ ನೋಡಿ." ಗಂಡನ ಮೇಲಿನ ಕಾಳಜಿಯಿಂದಲೇ ಅವರು ಇಷ್ಟೆಲ್ಲ ಮಾಡಿರುತ್ತಾರೆ. ಆದರೆ ಬೆಂಚಿನ ಮೇಲೆ ಕುಳಿತಿರುವ ಆ ಮನುಷ್ಯನ ಕೆನ್ನೆ ಒಳಗೆ ಹೋಗಿರುತ್ತದೆ, ತೋಳು ಕಡ್ಡಿಯಾಗಿರುತ್ತದೆ, ಅಂಗಿಯ ಗುಂಡಿ ಮಾತ್ರ ಹೊಟ್ಟೆಯ ಮೇಲೆ ಬಿಗಿದಿರುತ್ತದೆ.

ಈ ಪಥ್ಯ ಬಂದದ್ದು ಕಾಮಾಲೆಯಿಂದ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅಷ್ಟು ದಿನ ಗಂಜಿ ಕುಡಿದರೂ ಗಟ್ಟಿಮುಟ್ಟಾದ ದೇಹ ತಡೆದುಕೊಳ್ಳುತ್ತದೆ. ನೆಲನೆಲ್ಲಿಗೆ ಹೆಸರು ಬರುತ್ತದೆ. ಅದೇ ಪಥ್ಯವನ್ನು ಲಿವರ್ ಸಿರೋಸಿಸ್ ಇರುವವರಿಗೆ ತಿಂಗಳುಗಟ್ಟಲೆ ಹಾಕಿದಾಗ ಆಗುವುದು ಬೇರೆ. ಅವರ ಮೈಯ ಮಾಂಸ ಕರಗುತ್ತದೆ. ಹಾಗೆ ಮಾಂಸ ಕರಗಿದವರು ಬೇಗ ಸಾಯುತ್ತಾರೆ ಎಂಬುದು ಇತ್ತೀಚಿನ ವರ್ಷಗಳ ಸಂಶೋಧನೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಈ ತಿಂಗಳು ಅದರ ಬಗ್ಗೆಯೇ ಬರೆಯುತ್ತಿದ್ದೇನೆ.

ಕುಡಿಯದವರಿಗೂ ಏಕೆ ಬರುತ್ತದೆ?

ಮೊದಲು ಒಂದು ಮಾತು. ಸಿರೋಸಿಸ್ ಎಂದರೆ ಕುಡುಕರ ಕಾಯಿಲೆ ಎಂಬ ನಂಬಿಕೆ ನಮ್ಮ ಸಮಾಜದಲ್ಲಿ ಬಹಳ ಹಾನಿ ಮಾಡಿದೆ. ಒಬ್ಬರಿಗೆ ಈ ಕಾಯಿಲೆ ಎಂದು ತಿಳಿದ ಕೂಡಲೇ ಊರಿನಲ್ಲಿ ಪಿಸುಮಾತು ಶುರುವಾಗುತ್ತದೆ: ಕದ್ದು ಕುಡಿಯುತ್ತಿದ್ದನೇನೋ ಎಂದು. ಆ ಅಂಜಿಕೆಗೆ ಮನೆಯವರು ವರದಿ ಮುಚ್ಚಿಡುತ್ತಾರೆ, ದೊಡ್ಡ ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾರೆ. ಮದ್ಯ ಒಂದು ದೊಡ್ಡ ಕಾರಣ ಹೌದು. ಆದರೆ ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳು, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆಗೆ ಬರುವ ಕೊಬ್ಬಿನ ಲಿವರ್, ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿಬೀಳುವ ಕಾಯಿಲೆ, ಇವೆಲ್ಲವೂ ಒಂದು ಹನಿ ಮದ್ಯ ಮುಟ್ಟದವರನ್ನೂ ಅದೇ ಜಾಗಕ್ಕೆ ತಂದು ನಿಲ್ಲಿಸುತ್ತವೆ. ಮೂರು ಹೊತ್ತು ಅನ್ನ, ಸಿಹಿ ಚಹಾ, ಬೇಕರಿ ತಿಂಡಿ ತಿಂದು ಕುಳಿತು ಕೆಲಸ ಮಾಡುವ ಮನೆಗಳಲ್ಲಿ ನಾನು ಹೆಚ್ಚು ಹೆದರುವುದು ಕೊಬ್ಬಿನ ಲಿವರ್‌ಗೆ. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಮತ್ತು ಔಷಧಿಯನ್ನು ಸರಕಾರ 2018ರ ಜುಲೈ 28ರಂದು ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಡಿ ಉಚಿತವಾಗಿ ಕೊಡುತ್ತಿದೆ. ಮನೆಯಲ್ಲಿ ಒಬ್ಬರಿಗೆ ಬಿ ಇದ್ದರೆ ಉಳಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕಾರಣ ಯಾವುದಾದರೂ ಇರಲಿ, ವರ್ಷಗಟ್ಟಲೆ ಗಾಯಗೊಂಡು ಮಾಯುತ್ತ ಹೋದ ಲಿವರ್‌ನಲ್ಲಿ ಮೃದು ಭಾಗದ ಜಾಗವನ್ನು ನಾರು ಆಕ್ರಮಿಸುತ್ತದೆ. ಗಾಯದ ಕಲೆ ಗಟ್ಟಿಯಾಗುವ ಹಾಗೆ ಇಡೀ ಅಂಗ ಗಂಟುಗಂಟಾಗುತ್ತದೆ. ಇದೇ ಸಿರೋಸಿಸ್. ಕರುಳಿನಿಂದ ಬರುವ ರಕ್ತಕ್ಕೆ ಅದರೊಳಗೆ ದಾರಿ ಸಿಗದೆ ಒತ್ತಡ ಹಿಂದಕ್ಕೆ ಬೀಳುತ್ತದೆ. ಅನ್ನನಾಳದ ರಕ್ತನಾಳಗಳು ಊದಿಕೊಂಡು ಒಂದು ದಿನ ಒಡೆದು ರಕ್ತವಾಂತಿಯಾಗಬಹುದು. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಆ ನೀರಿಗೆ ಸೋಂಕು ತಗಲುತ್ತದೆ. ಮೆದುಳಿಗೆ ಮಂಕು ಕವಿಯುತ್ತದೆ: ಹಗಲು ನಿದ್ದೆ, ರಾತ್ರಿ ಎಚ್ಚರ, ಹೇಳಿದ್ದನ್ನೇ ಹೇಳುವುದು, ಕೈ ಚಾಚಿದರೆ ಅಂಗೈ ಬಡಿಯುವುದು. ಕೆಲವರಲ್ಲಿ ಕ್ಯಾನ್ಸರ್ ಕೂಡ. ಇವನ್ನೆಲ್ಲ ವೈದ್ಯರು ಹೇಳಿರುತ್ತಾರೆ, ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿರುತ್ತದೆ. ಮಾಂಸ ಕರಗುವುದು ಮಾತ್ರ ಎಷ್ಟೋ ಚೀಟಿಗಳಲ್ಲಿ ಇರುವುದೇ ಇಲ್ಲ.

ಮಾಂಸವೇ ಎರಡನೇ ಲಿವರ್

ಕೆನಡಾದ ಎಡ್ಮಂಟನ್ ನಗರದ ಡಾ. ಮೊಂಟಾನೊ-ಲೋಜಾ ಮತ್ತು ಸಂಗಡಿಗರು 112 ಸಿರೋಸಿಸ್ ರೋಗಿಗಳ ಸಿ.ಟಿ. ಸ್ಕ್ಯಾನ್ ನೋಡಿ, ಸೊಂಟದ ಮೂರನೇ ಮೂಳೆಯ ಮಟ್ಟದಲ್ಲಿ ಮಾಂಸಖಂಡ ಎಷ್ಟಿದೆ ಎಂದು ಅಳೆದರು. 2012ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ 40 ಶೇಕಡಾ ರೋಗಿಗಳಲ್ಲಿ ಮಾಂಸ ಗಣನೀಯವಾಗಿ ಕರಗಿತ್ತು. ಅವರ ಮಧ್ಯಮ ಬದುಕುಳಿದ ಅವಧಿ 19 ತಿಂಗಳು. ಮಾಂಸ ಉಳಿದಿದ್ದವರಲ್ಲಿ ಅದು 34 ತಿಂಗಳು. ಸಾರ್ಕೊಪೀನಿಯಾ ಎಂದು ಕರೆಯುವ ಈ ಸ್ಥಿತಿಯನ್ನು ಆಮೇಲೆ ಬೇರೆ ಬೇರೆ ದೇಶಗಳಲ್ಲಿ ನೋಡಿದ್ದಾರೆ. ಕಾಯಿಲೆ ಮುಂದುವರಿದ ಹಾಗೆ ಅದರ ಪ್ರಮಾಣವೂ ಏರುತ್ತದೆ.

ಏಕೆ ಹೀಗಾಗುತ್ತದೆ? ಆರೋಗ್ಯವಂತರ ಲಿವರ್ ಸುಮಾರು 100 ಗ್ರಾಂ ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟುಕೊಂಡಿರುತ್ತದೆ. ರಾತ್ರಿ ನಾವು ಮಲಗಿದಾಗ ಮೆದುಳು ಮತ್ತು ರಕ್ತಕಣಗಳಿಗೆ ಬೇಕಾದ ಸಕ್ಕರೆ ಆ ಕಣಜದಿಂದ ಸ್ವಲ್ಪಸ್ವಲ್ಪವೇ ಹೋಗುತ್ತದೆ. ಸಿರೋಸಿಸ್ ಆದ ಲಿವರ್‌ನಲ್ಲಿ ಕಣಜ ಚಿಕ್ಕದಾಗಿರುತ್ತದೆ. ನಡುರಾತ್ರಿಗೇ ಖಾಲಿಯಾಗುತ್ತದೆ. ಆಗ ದೇಹ ಕೊಬ್ಬನ್ನು ಉರಿಸತೊಡಗುತ್ತದೆ. ಕೊಬ್ಬಿನಿಂದ ಸಕ್ಕರೆ ಸಾಕಷ್ಟು ಆಗುವುದಿಲ್ಲವಾದ್ದರಿಂದ ತೋಳು ತೊಡೆಯ ಮಾಂಸ ಒಡೆದು, ಅದರ ಪ್ರೊಟೀನಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಅಮೆರಿಕದ ಓವನ್ ಮತ್ತು ಸಂಗಡಿಗರು 1983ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಒಂದೇ ರಾತ್ರಿ ಊಟವಿಲ್ಲದ ಸಿರೋಸಿಸ್ ರೋಗಿಯ ದೇಹ ಬೆಳಗಿನ ಹೊತ್ತಿಗೆ ಇರುವ ಸ್ಥಿತಿ, ಆರೋಗ್ಯವಂತನೊಬ್ಬ ಎರಡು ಮೂರು ದಿನ ಏನೂ ತಿನ್ನದಿದ್ದಾಗ ಇರುವ ಸ್ಥಿತಿಗೆ ಸಮ.

ಈ ಮಾತನ್ನು ಇನ್ನೊಮ್ಮೆ ಓದಿ. ರಾತ್ರಿ ಎಂಟಕ್ಕೆ ಗಂಜಿ ಕುಡಿಸಿ, ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಗಂಜಿ ಕೊಡುವ ಮನೆಯಲ್ಲಿ ಆ ರೋಗಿ ಪ್ರತಿ ರಾತ್ರಿಯೂ ಎರಡು ಮೂರು ದಿನದ ಉಪವಾಸ ಮಾಡುತ್ತಿದ್ದಾನೆ.

ಇನ್ನೊಂದು ದಾರಿ ಅಮೋನಿಯಾದ್ದು. ಪ್ರೊಟೀನ್ ಜೀರ್ಣವಾಗುವಾಗ, ಕರುಳಿನಲ್ಲಿ ಬ್ಯಾಕ್ಟೀರಿಯಾ ಕೆಲಸ ಮಾಡುವಾಗ ಹುಟ್ಟುವ ಅಮೋನಿಯಾವನ್ನು ಲಿವರ್ ಯೂರಿಯಾ ಮಾಡಿ ಮೂತ್ರಕ್ಕೆ ಕಳಿಸುತ್ತದೆ. ಲಿವರ್ ಕೈಬಿಟ್ಟಾಗ ಆ ಹೊರೆಯನ್ನು ಹೊರುವುದು ಮಾಂಸಖಂಡ. ಅದು ಅಮೋನಿಯಾವನ್ನು ಹಿಡಿದು ಗ್ಲುಟಮಿನ್ ಎಂಬ ಇನ್ನೊಂದು ವಸ್ತುವಾಗಿ ಮಾಡಿ ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಈ ರೋಗಿಗಳ ಪಾಲಿಗೆ ಮಾಂಸವೆಂದರೆ ಎರಡನೇ ಲಿವರ್. ಆದರೆ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಡಾ. ಶ್ರೀನಿವಾಸನ್ ದಾಸರಥಿ ಅವರ ತಂಡ 2013ರಲ್ಲಿ ತೋರಿಸಿದಂತೆ, ಅದೇ ಅಮೋನಿಯಾ ಮಾಂಸದೊಳಗೆ ಮಯೋಸ್ಟಾಟಿನ್ ಎಂಬ ವಸ್ತುವನ್ನು ಹೆಚ್ಚಿಸುತ್ತದೆ. ಮಾಂಸ ಬೆಳೆಯದಂತೆ ತಡೆಯುವುದೇ ಮಯೋಸ್ಟಾಟಿನ್‌ನ ಕೆಲಸ. ಮಾಂಸ ಕರಗಿದರೆ ಅಮೋನಿಯಾ ಏರುತ್ತದೆ, ಅಮೋನಿಯಾ ಏರಿದರೆ ಮಾಂಸ ಇನ್ನಷ್ಟು ಕರಗುತ್ತದೆ, ಮಂಕು ಕವಿದವನು ಊಟ ಬಿಡುತ್ತಾನೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ.

ನಮ್ಮ ಯೂನಾನಿ ಗ್ರಂಥಗಳಿಗೆ ಮಯೋಸ್ಟಾಟಿನ್ ಗೊತ್ತಿರಲಿಲ್ಲ. ಆದರೆ ಇಬ್ನ್ ಸೀನಾ ಅವರ 'ಅಲ್ ಖಾನೂನ್' ಜಿಗರನ್ನು ಪ್ರಧಾನ ಅಂಗಗಳ ಸಾಲಿನಲ್ಲಿಟ್ಟು, ದೇಹಕ್ಕೆ ಪೋಷಣೆ ಕೊಡುವ ಶಕ್ತಿಯ ಮನೆ ಅದೇ ಎಂದು ಹೇಳುತ್ತದೆ. ಹೊಟ್ಟೆಯಲ್ಲಿ ನೀರು ತುಂಬುವುದನ್ನು ಯೂನಾನಿಯಲ್ಲಿ ಇಸ್ತಿಸ್ಕಾ ಎನ್ನುತ್ತೇವೆ. ಅದರಲ್ಲಿ ಝಿಕ್ಕಿ ಎಂಬ ಬಗೆಯ ಹೆಸರು ಬಂದದ್ದು ನೀರು ತುಂಬುವ ತೊಗಲಿನ ಚೀಲದಿಂದ. ಮೈ ಸೊರಗುವುದಕ್ಕೆ ಹುಝಾಲ್ ಎಂಬ ಬೇರೆ ಹೆಸರೇ ಇದೆ. ಔಷಧಿಗಿಂತ ಮೊದಲು ಆಹಾರದಿಂದ ಚಿಕಿತ್ಸೆ, ಅಂದರೆ ಇಲಾಜ್ ಬಿಲ್ ಗಿಝಾ, ನಮ್ಮ ಪದ್ಧತಿಯ ಮೊದಲ ಪಾಠ. ಹಾಗಿರುವಾಗ ಸೊರಗಿದ ರೋಗಿಗೆ ಇನ್ನಷ್ಟು ಪಥ್ಯ ಹೇಳಿ ಕಳಿಸುವ ನಾಟಿ ವೈದ್ಯರನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಮನೆಯಲ್ಲೇ ಕಂಡುಹಿಡಿಯುವುದು

ತೂಕವನ್ನು ನಂಬಬೇಡಿ. "ಅಬ್ಬಾ ಎರಡು ಕೆಜಿ ಜಾಸ್ತಿಯಾಗಿದ್ದಾರೆ" ಎಂದು ಮಕ್ಕಳು ಸಂತೋಷಪಡುವಾಗ ಆ ಎರಡು ಕೆಜಿ ಹೊಟ್ಟೆಯ ನೀರಾಗಿರಬಹುದು. ದಪ್ಪಗಿರುವ ಸಕ್ಕರೆ ಕಾಯಿಲೆಯವರಲ್ಲಿ ಇನ್ನೂ ಮೋಸ: ಮೇಲೆ ಕೊಬ್ಬು ಹಾಗೆಯೇ ಇರುತ್ತದೆ, ಒಳಗಿನ ಮಾಂಸ ಕರಗಿರುತ್ತದೆ. ನೋಡಬೇಕಾದದ್ದು ಕಣ್ಣಿನ ಪಕ್ಕದ ಕಪೋಲದ ತಗ್ಗು, ಭುಜದ ಮೂಳೆ ಎದ್ದು ಕಾಣುವುದು, ಹೆಬ್ಬೆರಳಿನ ಬುಡದ ಉಬ್ಬು ಚಪ್ಪಟೆಯಾಗುವುದು, ತೊಡೆ ಸಣ್ಣಗಾಗುವುದು. ತೋಳಿನ ನಡುಭಾಗಕ್ಕೆ ಟೈಲರ್ ಟೇಪು ಸುತ್ತಿ ತಿಂಗಳಿಗೊಮ್ಮೆ ಅಳತೆ ಬರೆದಿಡಿ. ಕೈಗೆ ಊತ ಬರುವುದು ಕಡಿಮೆಯಾದ್ದರಿಂದ ಈ ಅಳತೆ ತೂಕಕ್ಕಿಂತ ನಿಜ ಹೇಳುತ್ತದೆ.

ಆಮೇಲೆ ಬಲ. ಎದೆಯ ಮೇಲೆ ಕೈಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಕಾಲಿನ ಬಲ ಕುಂದಿದೆ ಎಂದರ್ಥ. ಆಸ್ಪತ್ರೆಗಳಲ್ಲಿ ಮುಷ್ಟಿಯ ಹಿಡಿತ ಅಳೆಯುವ ಯಂತ್ರವಿದೆ; ಏಷ್ಯಾದವರಿಗೆ ಇಟ್ಟುಕೊಂಡಿರುವ ಮಿತಿಯ ಪ್ರಕಾರ ಗಂಡಸರಲ್ಲಿ 28 ಕೆಜಿ, ಹೆಂಗಸರಲ್ಲಿ 18 ಕೆಜಿಗಿಂತ ಕಡಿಮೆಯಾದರೆ ಎಚ್ಚರಿಕೆ. ಯಂತ್ರವಿಲ್ಲದ ನಮ್ಮ ಊರುಗಳಲ್ಲಿ ನಾನು ಒಂದು ಪ್ರಶ್ನೆ ಕೇಳುತ್ತೇನೆ: ಸಜ್ದಾದಿಂದ ಮೇಲೇಳುವಾಗ ನೆಲಕ್ಕೆ ಕೈ ಊರುವುದು ಯಾವಾಗ ಶುರುವಾಯಿತು? ಮಂಡಿ ನೋವಿಲ್ಲದೆಯೂ ನಮಾಝ್‌ಗೆ ಕುರ್ಚಿ ಬೇಕಾಗಿದೆಯೇ? ರೋಗಿಗಳು ಇದಕ್ಕೆ ತಿಂಗಳು ಸಮೇತ ಉತ್ತರ ಹೇಳುತ್ತಾರೆ. ರಾತ್ರಿ ಮೀನಖಂಡ ಹಿಡಿದುಕೊಂಡು ನರಳುವುದು ಕೂಡ ಈ ರೋಗಿಗಳಲ್ಲಿ ಬಹಳ ಸಾಮಾನ್ಯ. ಅದನ್ನೂ ವೈದ್ಯರಿಗೆ ಹೇಳಿ.

ಎಷ್ಟು ತಿನ್ನಬೇಕು?

ಯುರೋಪಿನ ಲಿವರ್ ತಜ್ಞರ ಸಂಘ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ, ಬೊಜ್ಜಿಲ್ಲದ ಸಿರೋಸಿಸ್ ರೋಗಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 35 ಕ್ಯಾಲೊರಿ, 1.2ರಿಂದ 1.5 ಗ್ರಾಂ ಪ್ರೊಟೀನ್ ಬೇಕು. ನಮ್ಮ ದೇಶದ ಲಿವರ್ ತಜ್ಞರ ಸಂಘವೂ ಪೋಷಣೆಯ ಬಗ್ಗೆಯೇ ಒಂದು ಒಮ್ಮತದ ವರದಿ ಹೊರತಂದಿದೆ. ತೂಕವೆಂದರೆ ನೀರು ಕಳೆದ ತೂಕ. 60 ಕೆಜಿಯವರಿಗೆ ಲೆಕ್ಕ ಹಾಕಿದರೆ 2,100 ಕ್ಯಾಲೊರಿ, 72ರಿಂದ 90 ಗ್ರಾಂ ಪ್ರೊಟೀನ್. ಈಗ ಗಂಜಿಯ ಲೆಕ್ಕ ನೋಡಿ. ಇಡೀ ದಿನಕ್ಕೆ 200 ಗ್ರಾಂ ಅಕ್ಕಿಯ ಗಂಜಿ ಕುಡಿದರೂ ಸಿಗುವುದು ಸುಮಾರು 700 ಕ್ಯಾಲೊರಿ, 14 ಗ್ರಾಂ ಪ್ರೊಟೀನ್. ನೀರು ಮಜ್ಜಿಗೆ ಸೇರಿಸಿದರೂ 20 ದಾಟುವುದು ಕಷ್ಟ. ಬೇಕಾದದ್ದರ ಕಾಲು ಭಾಗ.

"ಪ್ರೊಟೀನ್ ಕೊಟ್ಟರೆ ತಲೆಗೆ ಏರುತ್ತದೆ ಎಂದು ಡಾಕ್ಟರೇ ಹೇಳಿದ್ದರಲ್ಲ?" ಎಂದು ಕೇಳುವವರಿದ್ದಾರೆ. ಹಿಂದೆ ಹಾಗೆಯೇ ಹೇಳುತ್ತಿದ್ದರು, ಪುಸ್ತಕಗಳಲ್ಲೂ ಇತ್ತು. 2004ರಲ್ಲಿ ಸ್ಪೇನಿನ ಬಾರ್ಸಿಲೋನಾದ ವೈದ್ಯರು ಮಂಕು ಕವಿದು ಆಸ್ಪತ್ರೆಗೆ ಬಂದವರನ್ನೇ ಎರಡು ಗುಂಪು ಮಾಡಿ, ಒಂದಕ್ಕೆ ಪ್ರೊಟೀನ್ ಕಡಿತ, ಇನ್ನೊಂದಕ್ಕೆ ಮಾಮೂಲಿ ಪ್ರೊಟೀನ್ ಕೊಟ್ಟು ನೋಡಿದರು. ಮಂಕು ಇಳಿಯುವುದರಲ್ಲಿ ವ್ಯತ್ಯಾಸವಿರಲಿಲ್ಲ. ಕಡಿತ ಮಾಡಿದವರ ದೇಹದಲ್ಲಿ ಪ್ರೊಟೀನ್ ಒಡೆಯುವುದು ಮಾತ್ರ ಹೆಚ್ಚಾಗಿತ್ತು. ನಮ್ಮ ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯ ವೈದ್ಯರು ಇನ್ನೂ ಮುಂದೆ ಹೋದರು. ಹೊರಗೆ ಕಾಣದಷ್ಟು ಸಣ್ಣ ಮಂಕಿದ್ದ 120 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಆರು ತಿಂಗಳು ಕೆಜಿಗೆ 30ರಿಂದ 35 ಕ್ಯಾಲೊರಿ, 1ರಿಂದ 1.5 ಗ್ರಾಂ ಸಸ್ಯಮೂಲದ ಪ್ರೊಟೀನ್ ಇರುವ ಊಟ ಹೇಳಿ, ಉಳಿದವರನ್ನು ಅವರ ರೂಢಿಯ ಊಟದಲ್ಲೇ ಬಿಟ್ಟರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲ ಗುಂಪಿನ ಸುಮಾರು 71 ಶೇಕಡಾ ಜನರಲ್ಲಿ ಮಂಕು ಕಳೆದಿತ್ತು, ಎರಡನೆಯದರಲ್ಲಿ 23 ಶೇಕಡಾ. ಹೊಟ್ಟೆ ತುಂಬ ಕಾಳು ಬೇಳೆ ತಿಂದವರ ತಲೆ ತಿಳಿಯಾಗಿತ್ತು.

ಇದಕ್ಕೆ ದುಬಾರಿ ಡಬ್ಬಿ ಬೇಕಿಲ್ಲ. ಬೆಳಿಗ್ಗೆ ಫಜ್ರ್ ನಮಾಝ್ ಮುಗಿದ ಮೇಲೆ ತಡಮಾಡದೆ ಅಕ್ಕಿ ರೊಟ್ಟಿ, ಎರಡು ಮೊಟ್ಟೆ. ಹತ್ತೂವರೆಗೆ ಒಂದು ಲೋಟ ಹಾಲು, ಬಾಳೆಹಣ್ಣು. ಮಧ್ಯಾಹ್ನ ಅನ್ನ, ಬೇಳೆ ಬುಡದಿಂದ ತೆಗೆದ ಗಟ್ಟಿ ಸಾರು, ಒಂದು ದೊಡ್ಡ ಹೋಳು ಮೀನು, ಒಂದು ಬಟ್ಟಲು ಮೊಸರು. ಸಂಜೆ ಒಂದು ಹಿಡಿ ಹುರಿಗಡಲೆ. ರಾತ್ರಿ ರೊಟ್ಟಿ ಅಥವಾ ಅನ್ನ, ಹೆಸರುಕಾಳಿನದೋ ಹುರುಳಿಯದೋ ಪಲ್ಯ. ಇಷ್ಟಕ್ಕೇ 80 ಗ್ರಾಂ ಆಸುಪಾಸು ಬರುತ್ತದೆ. ಮೊಟ್ಟೆಯೊಂದರಲ್ಲಿ 6 ಗ್ರಾಂ, ಹಾಲಿನ ಲೋಟದಲ್ಲಿ 6, ಬೇಳೆಯ ಬಟ್ಟಲಲ್ಲಿ 7, ನೂರು ಗ್ರಾಂ ಮೀನಿನಲ್ಲಿ 18ರಿಂದ 20. ಆಗಾಗ ಮಂಕು ಬರುವವರಿಗೆ ಮಾಂಸಕ್ಕಿಂತ ಹಾಲು, ಮೊಸರು, ಕಾಳು ಹೆಚ್ಚು ಹೊಂದುತ್ತವೆ. ಹಸಿವಿಲ್ಲದವರಿಗೆ ಒಂದೇ ಸಲ ತಟ್ಟೆ ತುಂಬ ಬಡಿಸಬೇಡಿ. ನೀರು ತುಂಬಿದ ಹೊಟ್ಟೆ ನಾಲ್ಕು ತುತ್ತಿಗೇ ಬಿಗಿಯುತ್ತದೆ. ಎಚ್ಚರವಿರುವಾಗ ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ಕೊಡಿ.

ಪ್ರೊಟೀನ್ ಪುಡಿಯ ಬಗ್ಗೆ ಕೇಳುವವರಿಗೆ ಒಂದು ಸುದ್ದಿ. ಕೊಚ್ಚಿಯ ರಾಜಗಿರಿ ಆಸ್ಪತ್ರೆಯ ಲಿವರ್ ತಜ್ಞರು ಭಾರತದಲ್ಲಿ ಮಾರಾಟವಾಗುವ 36 ಪುಡಿಗಳನ್ನು ಪರೀಕ್ಷೆಗೆ ಕೊಟ್ಟು 2024ರಲ್ಲಿ ವರದಿ ಮಾಡಿದಾಗ, ಸುಮಾರು 70 ಶೇಕಡಾ ಡಬ್ಬಿಗಳ ಮೇಲೆ ಬರೆದ ಪ್ರೊಟೀನ್ ಲೆಕ್ಕ ಸರಿಯಿರಲಿಲ್ಲ. ಆ ದುಡ್ಡಿಗೆ ಮೊಟ್ಟೆ ತನ್ನಿ.

ಉಪ್ಪು? ಹೊಟ್ಟೆಯಲ್ಲಿ ನೀರಿದ್ದರೆ ದಿನಕ್ಕೆ ಸುಮಾರು 5 ಗ್ರಾಂ, ಅಂದರೆ ಸಮಮಟ್ಟದ ಒಂದು ಟೀ ಚಮಚ, ಎಲ್ಲ ಸೇರಿ. ಒಣಮೀನು, ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ಬಿಸ್ಕತ್ತು ಬಿಟ್ಟರೆ ಅಡುಗೆಗೆ ಒಂದಿಷ್ಟು ಉಪ್ಪು ಉಳಿಯುತ್ತದೆ. ಪೂರ್ತಿ ಸಪ್ಪೆ ಮಾಡಿ ರೋಗಿ ಊಟವನ್ನೇ ಬಿಟ್ಟರೆ ಲಾಭಕ್ಕಿಂತ ನಷ್ಟ ಹೆಚ್ಚು. ನಿಂಬೆ, ಕೊತ್ತಂಬರಿ, ಜೀರಿಗೆ, ಪುದೀನ ರುಚಿ ಕೊಡುತ್ತವೆ.

ಮಲಗುವ ಮುನ್ನ

ಈ ಲೇಖನದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಪ್ಲ್ಯಾಂಕ್ ಮತ್ತು ಸಂಗಡಿಗರು 103 ಸಿರೋಸಿಸ್ ರೋಗಿಗಳಿಗೆ ಒಂದು ವರ್ಷ ಊಟದ ಜೊತೆಗೆ 710 ಕ್ಯಾಲೊರಿಯ ಪೂರಕ ಪಾನೀಯ ಕೊಟ್ಟರು. ಎಲ್ಲರಿಗೂ ಅದೇ ಪಾನೀಯ. ಅರ್ಧ ಜನರಿಗೆ ಹಗಲು, ಅರ್ಧ ಜನರಿಗೆ ರಾತ್ರಿ ಒಂಬತ್ತರ ನಂತರ. 2008ರ ಅವರ ವರದಿಯಲ್ಲಿ, ರಾತ್ರಿ ಕುಡಿದವರ ಮೈಯಲ್ಲಿ ಸುಮಾರು ಎರಡು ಕೆಜಿ ಮಾಂಸದಷ್ಟು ಪ್ರೊಟೀನ್ ಕೂಡಿತ್ತು; ಹಗಲು ಕುಡಿದವರಲ್ಲಿ ಆ ಲಾಭ ಕಾಣಲಿಲ್ಲ. ವ್ಯತ್ಯಾಸ ಗಡಿಯಾರದ್ದು ಮಾತ್ರ.

ಅಷ್ಟು ಕ್ಯಾಲೊರಿ ಆಗದಿದ್ದರೂ, ಮಲಗುವ ಮುನ್ನ ಕನಿಷ್ಠ 50 ಗ್ರಾಂ ಪಿಷ್ಟ ಮತ್ತು ಒಂದಿಷ್ಟು ಪ್ರೊಟೀನ್ ಹೊಟ್ಟೆಗೆ ಬೀಳಬೇಕು. ಹಾಲಿನ ಜೊತೆ ಒಂದು ಬಟ್ಟಲು ಅವಲಕ್ಕಿ ಸಾಕು. ಹಾಲು ಮತ್ತು ಎರಡು ಬಾಳೆಹಣ್ಣು ಆಗಬಹುದು. ನನಗೆ ಇಷ್ಟವಾದದ್ದು ತಲ್ಬೀನ: ರೋಗಿಗೆ ಹಿತವೆಂದು ಹದೀಸ್‌ಗಳಲ್ಲಿ ಬಂದಿರುವ ಬಾರ್ಲಿ ಹಿಟ್ಟಿನ ಮೃದು ಅಂಬಲಿ. ಮೂರು ಚಮಚ ಬಾರ್ಲಿ ಹಿಟ್ಟನ್ನು ಒಂದು ಲೋಟ ಹಾಲಿನಲ್ಲಿ ಬೇಯಿಸಿ ಮೂರು ಖರ್ಜೂರ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರು ಖರ್ಜೂರ ಬಿಡಲಿ, ರಾತ್ರಿಯ ತಿಂಡಿ ಬಿಡುವುದು ಬೇಡ. ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣ ಹೊಂದಿಸಿಕೊಡಲು ವೈದ್ಯರನ್ನು ಕೇಳಿ.

ತಿಂದದ್ದು ಮಾಂಸವಾಗಬೇಕಾದರೆ ಕೈಕಾಲು ಆಡಬೇಕು. ಮಸೀದಿಗೆ ನಡೆದು ಹೋಗುವುದು, ದಿನಕ್ಕೆರಡು ಹೊತ್ತು ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಇಷ್ಟರಿಂದ ಶುರುಮಾಡಿ. ಅಡಿಕೆ ಮೂಟೆ ಹೊರುವಂಥ ಭಾರದ ಕೆಲಸಕ್ಕೆ ಮೊದಲು ಎಂಡೋಸ್ಕೋಪಿ ಮಾಡಿಸಿ, ರಕ್ತನಾಳ ಊದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ರಮಝಾನ್ ಬಂದಾಗ

ಇದು ನಮ್ಮ ಮನೆಗಳ ಪ್ರಶ್ನೆ. ಹೆಪಟೈಟಿಸ್ ಸಿ ಅತಿ ಹೆಚ್ಚಾಗಿದ್ದ ಈಜಿಪ್ಟಿನ ವೈದ್ಯರು ಸಿರೋಸಿಸ್ ಇದ್ದೂ ಉಪವಾಸ ಹಿಡಿದವರನ್ನು ಗಮನಿಸಿದ್ದಾರೆ. ತಜ್ಞರ ಸಲಹೆಯ ಸಾರಾಂಶ ಹೀಗೆ: ಕಾಯಿಲೆಯ ತೀವ್ರತೆಯನ್ನು ಎ, ಬಿ, ಸಿ ಎಂದು ವಿಂಗಡಿಸುವ ಚೈಲ್ಡ್ ಅಳತೆಯಲ್ಲಿ ಬಿ ಮತ್ತು ಸಿ ಇರುವವರು ಉಪವಾಸ ಹಿಡಿಯಬಾರದು, ಎ ಇರುವವರು ವೈದ್ಯರ ಒಪ್ಪಿಗೆ ಮತ್ತು ನಿಗಾ ಇದ್ದರೆ ಮಾತ್ರ. ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಮಂಕು, ಇವುಗಳಲ್ಲಿ ಒಂದಾದರೂ ಆಗಿದ್ದವರು ಬೇಡವೇ ಬೇಡ.

"ರಮಝಾನಿನಲ್ಲಿ ರಾತ್ರಿಯೇ ತಿನ್ನುತ್ತೇವಲ್ಲ, ನೀವು ಹೇಳಿದ ರಾತ್ರಿ ತಿಂಡಿ ಆಗಲಿಲ್ಲವೇ?" ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದ್ದರು. ಜಾಣ ಪ್ರಶ್ನೆ. ಆದರೆ ಸಹರಿಯಿಂದ ಇಫ್ತಾರ್‌ವರೆಗೆ ನಮ್ಮಲ್ಲಿ 13 ಗಂಟೆ ದಾಟುತ್ತದೆ. ಕಣಜ ಚಿಕ್ಕದಾದವನಿಗೆ ಅದು ಹಗಲಾದರೇನು, ರಾತ್ರಿಯಾದರೇನು. ಜೊತೆಗೆ ನೀರೂ ಇಲ್ಲ, ನೀರಿಳಿಸುವ ಮಾತ್ರೆ ತೆಗೆದುಕೊಳ್ಳುವವರ ಮೂತ್ರಪಿಂಡ ಬಳಲುತ್ತದೆ. ದಿನಕ್ಕೆ ಎರಡು ಮೂರು ಸಲ ಮಲ ಸಡಿಲವಾಗಿ ಹೋಗುವಂತೆ ಕೊಡುವ ಲ್ಯಾಕ್ಟುಲೋಸ್ ಸಿರಪ್ ಹಗಲಲ್ಲಿ ತಪ್ಪುತ್ತದೆ.

ರೋಗಿಗಳಿಗೆ ವಿನಾಯಿತಿ ಕೊಟ್ಟಿರುವುದು ಪವಿತ್ರ ಕುರ್‌ಆನೇ; ಅಲ್ ಬಖರಾ ಅಧ್ಯಾಯದ 184 ಮತ್ತು 185ನೇ ಸೂಕ್ತಗಳಲ್ಲಿ ಅದು ಸ್ಪಷ್ಟವಾಗಿದೆ. ವಾಸಿಯಾಗುವ ನಿರೀಕ್ಷೆಯಿಲ್ಲದ ಕಾಯಿಲೆಯವರಿಗೆ ಫಿದ್ಯದ ದಾರಿಯಿದೆ. ತಜ್ಞರಿಂದ ಚೀಟಿ ಬರೆಸಿಕೊಂಡು ನಿಮ್ಮ ಮಸೀದಿಯ ಉಲಮಾಗಳ ಬಳಿ ಮಾತಾಡಿ. ಮನೆಯವರಲ್ಲಿ ನನ್ನದೊಂದು ಕೋರಿಕೆ: ಉಪವಾಸ ಬಿಟ್ಟ ಹಿರಿಯರು ನಾಚಿಕೆಯಿಂದ ಒಳಕೋಣೆಯಲ್ಲಿ ಅರ್ಧ ಹೊಟ್ಟೆ ತಿಂದು ಏಳುವಂತೆ ಮಾಡಬೇಡಿ. ಮಧ್ಯಾಹ್ನ ಅವರಿಗೆಂದೇ ಬಿಸಿ ಅಡುಗೆ ಮಾಡಿ ಬಡಿಸಿ.

ಔಷಧಿಯ ಮಾತು

ಕಾಸ್ನಿ, ಮಕೋ ಅಂದರೆ ನಮ್ಮ ಗಣಿಕೆ ಸೊಪ್ಪು, ದಬೀದುಲ್ ವರ್ದ್ ಮಾಜೂನ್, ಇವನ್ನು ಯೂನಾನಿ ವೈದ್ಯರು ಜಿಗರಿನ ಕಾಯಿಲೆಗೆ ಕೊಡುತ್ತಾ ಬಂದಿದ್ದೇವೆ. ಆದರೆ ನಾರುಗಟ್ಟಿದ ಲಿವರನ್ನು ಯಾವ ಮಾಜೂನೂ ಹೊಸದು ಮಾಡುವುದಿಲ್ಲ. ಹಾಗೆ ಭರವಸೆ ಕೊಡುವವರಿಂದ ದೂರವಿರಿ. ಶರಬತ್ತು, ಮಾಜೂನ್‌ಗಳಲ್ಲಿ ಸಕ್ಕರೆ ಇರುತ್ತದೆಂಬುದನ್ನು ಸಕ್ಕರೆ ಕಾಯಿಲೆಯವರು ಮರೆಯಬಾರದು. ಜೋರಾಗಿ ಭೇದಿ ಮಾಡಿಸುವ ಮುಸ್ಹಿಲ್ ಈ ರೋಗಿಗಳಿಗೆ ಅಪಾಯ. ನೀರಿನಂಶ ಇಳಿದು ಮಂಕು ಕವಿಯುತ್ತದೆ. ಏನು ಹಾಕಿದ್ದಾರೆಂದು ಗೊತ್ತಿಲ್ಲದ ಕುಶ್ತಾ, ಹೆಸರಿಲ್ಲದ ಪುಡಿ ಬೇಡ. ಹಿತ್ತಿಲಲ್ಲಿ ಸಿಗುತ್ತದೆಂದು ಅಮೃತಬಳ್ಳಿ ಕಷಾಯವನ್ನು ತಿಂಗಳುಗಟ್ಟಲೆ ಕುಡಿಯುವುದೂ ಬೇಡ; ಕೋವಿಡ್ ಕಾಲದಲ್ಲಿ ಹಾಗೆ ಕುಡಿದು ಲಿವರ್‌ಗೆ ಪೆಟ್ಟು ಬಿದ್ದ ಆರು ಜನರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದಿದ್ದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ನಾನಂತೂ ಸಿರೋಸಿಸ್ ಇರುವವರಿಗೆ ಕೊಡುವುದಿಲ್ಲ.

ಅಲೋಪತಿ ಮಾತ್ರೆಯೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು ಔಷಧಿಯಿಂದಲೇ ಲಿವರ್ ಕೆಟ್ಟ 313 ಜನರ ವಿವರವನ್ನು 2010ರಲ್ಲಿ ಪ್ರಕಟಿಸಿದಾಗ, ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕಾರಣ ಕ್ಷಯದ ಮಾತ್ರೆಗಳಾಗಿದ್ದವು. ಹಾಗೆಂದು ಅವನ್ನು ನಿಮ್ಮಷ್ಟಕ್ಕೆ ನಿಲ್ಲಿಸುವಂತಿಲ್ಲ. ನಿಗಾ ಇಟ್ಟುಕೊಂಡು ತೆಗೆದುಕೊಳ್ಳಬೇಕು. ಸೊಂಟ ನೋವಿಗೆ ಅಂಗಡಿಯಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ಸಿರೋಸಿಸ್ ರೋಗಿಯ ಮೂತ್ರಪಿಂಡ ಕೆಡಿಸಬಹುದು, ರಕ್ತಸ್ರಾವ ತರಬಹುದು. ಹೆಪಟೈಟಿಸ್ ಬಿ ಮಾತ್ರೆಯನ್ನು "ಈಗ ಚೆನ್ನಾಗಿದ್ದೇನೆ" ಎಂದು ಬಿಟ್ಟರೆ ವೈರಸ್ ಒಮ್ಮೆಲೇ ಎದ್ದು ಪ್ರಾಣಕ್ಕೆ ಬರಬಹುದು. ನನ್ನ ಬಳಿ ಬರುವವರಿಗೆ ನಾನು ತಜ್ಞರ ಮಾತ್ರೆ ನಿಲ್ಲಿಸಲು ಹೇಳುವುದಿಲ್ಲ. ಯಾವ ಹಕೀಮರು ಹೇಳಿದರೂ ಒಪ್ಪಬೇಡಿ.

ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಜ್ವರದ ಜೊತೆ ಹೊಟ್ಟೆ ನೋವು, ಎಬ್ಬಿಸಿದರೂ ಏಳದ ಮಂಪರು, ಮೂತ್ರ ನಿಲ್ಲುವುದು: ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ. ಹೊಸನಗರ ತಾಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಶಿವಮೊಗ್ಗದ ಮೆಗ್ಗಾನ್ ಕಡೆಗೋ, ಘಾಟಿ ಇಳಿದು ಮಣಿಪಾಲದ ಕಡೆಗೋ ಹೋಗಬೇಕಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ರಸ್ತೆ ಮುಚ್ಚುವುದು, ಫೋನ್ ಸಿಗ್ನಲ್ ಹೋಗುವುದು ಹೊಸತಲ್ಲ. ಆದ್ದರಿಂದ ಜೂನ್‌ಗೆ ಮೊದಲೇ ಎಂಡೋಸ್ಕೋಪಿ, ಸ್ಕ್ಯಾನಿಂಗ್ ಮುಗಿಸಿ, ಎರಡು ತಿಂಗಳ ಮಾತ್ರೆ ತಂದಿಟ್ಟುಕೊಳ್ಳಿ. ತಜ್ಞರ ಬಳಿ ಹೋಗುವಾಗ ಹಳೆಯ ಚೀಟಿಗಳ ಜೊತೆಗೆ ತೋಳಿನ ಅಳತೆ ಬರೆದ ಹಾಳೆಯನ್ನೂ, ರೋಗಿ ಒಂದು ದಿನ ಏನೇನು ತಿಂದರು ಎಂಬ ಪಟ್ಟಿಯನ್ನೂ ಒಯ್ಯಿರಿ. ಆ ಎರಡನ್ನು ಮುಂದಿಟ್ಟು, "ಇವರ ಮಾಂಸ ಕರಗುತ್ತಿದೆಯೇ, ಊಟ ಸಾಕೇ?" ಎಂದು ನೀವಾಗಿಯೇ ಕೇಳಿ.